ಗುರುಪುತ್ರಪ್ಪನ ಓಟು

ಗುರುಪುತ್ರಪ್ಪನ ಎರಡೂ ಕಣ್ಣು ಹೋಗಿದ್ದವು, ಹಟ ಮಾತ್ರ ಕೂದಲೆಳೆಯಷ್ಟೂ ಕಡಿಮೆಯಾಗಿರಲಿಲ್ಲ. ಕಣ್ಣು ಕಾಣದವರ ಪರವಾಗಿ ಜೊತೆಗೆ ಹೋದವರು ಓಟಿನ ಗುಂಡಿ ಒತ್ತಬಹುದೆಂಬ ಕಾಯ್ದೆ ಇದೆಯಲ್ಲ, ಆ ಕೆಲಸಕ್ಕೆ ಮಗನೂ ಬೇಡ, ಸೊಸೆಯೂ ಬೇಡ, ಮೊಮ್ಮಗಳು ಪೂರ್ಣಿಮಾನೇ ಬರಬೇಕೆಂದು ಪಟ್ಟು ಹಿಡಿದು ಕುಳಿತಿದ್ದ.

ಪೂರ್ಣಿಮಾ ಬೆಳಗಾವಿಯಲ್ಲಿ ವಕೀಲರೊಬ್ಬರ ಆಫೀಸಿನಲ್ಲಿದ್ದಳು. ಬೆಳಿಗ್ಗೆ ಟಿಳಕವಾಡಿಯಲ್ಲಿ ಹೊಸ ಪಕ್ಷಕ್ಕೆ ತನ್ನ ಓಟು ಹಾಕಿ, ಖಾನಾಪುರದ ಬಸ್ಸು ಹತ್ತಿ, ಅಲ್ಲಿಂದ ಟೆಂಪೊ ಹಿಡಿದು ಪಾರಿಶ್ವಾಡಕ್ಕೆ ಬಂದಳು. ದಾರಿಯುದ್ದಕ್ಕೂ ಒಂದೇ ಸಂಕಟ. ಅಜ್ಜನ ಓಟು ಯಾವತ್ತಿದ್ದರೂ ಎಮ್ಮೆಲ್ಲೆ ಸಿದ್ದಪ್ಪನಿಗೆ, ಅವನಿಗಿಂತ ಮೊದಲು ಅವನಪ್ಪನಿಗೆ. ಗೆದ್ದು ಗೆದ್ದು ಮೈ ಬೆಳೆಸಿಕೊಂಡ ಆ ಪುಣ್ಯಾತ್ಮನ ಕೈಲಿ ಖಾನಾಪುರದಿಂದ ಒಂದು ಸಂಜೆ ಬಸ್ಸು ಬಿಡಿಸಲಾಗಲಿಲ್ಲ. ಕತ್ತಲಾದ ಮೇಲೆ ಮನೆ ಸೇರುವುದು ಹೇಗೆಂದು ಊರ ಹುಡುಗಿಯರು ಕಾಲೇಜು ಬಿಟ್ಟರು. ಪೂರ್ಣಿಮಾಳ ತಂಗಿಯೂ ಬಿಟ್ಟಳು, ವರ್ಷದೊಳಗೆ ಅವಳ ಕೊರಳಿಗೆ ತಾಳಿ ಬಿತ್ತು. ಈ ಸಲ ಹೊಸ ಪಕ್ಷದಿಂದ ಮುಗ್ಧಾ ಎಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳು ನಿಂತಿದ್ದಳು. ಊರ ಹುಡುಗರೆಲ್ಲ ಅವಳ ಹಿಂದೆ.

ಓಟು ನಡೆದಿದ್ದ ಊರ ಸಾಲೆಯ ಮುಂದೆ ಪಾಳಿ ಹಚ್ಚಿ ನಿಂತಾಗ ಪೂರ್ಣಿಮಾ ಬಸ್ಸಿನ ಮಾತು ತೆಗೆದಳು, ತಂಗಿಯ ಮಾತು ತೆಗೆದಳು. ಅಜ್ಜ ಎಲ್ಲ ಕೇಳಿದ.

"ಸಿದ್ದಪ್ಪ ನಾಲಾಯಕ ಅದಾನ, ಖರೇ. ಆದ್ರ ಈ ಸಾಲಿ ತಂದಾವ ಅವರಪ್ಪ. ನೀ ಕಲ್ತದ್ದೂ ಇಲ್ಲೇ. ನನ್ನ ಓಟು ಆ ಮನಿಗೇ."

ಒಳಗೆ ಅಜ್ಜನ ಎಡಗೈ ಬೆರಳಿಗೆ ಶಾಯಿ ಬಿತ್ತು, ಜೊತೆಗೆ ಬಂದವಳೆಂದು ಪೂರ್ಣಿಮಾಳ ಬಲಗೈಗೂ ಬಿತ್ತು. ರಟ್ಟಿನ ಮರೆಯಲ್ಲಿ ಅಜ್ಜ ಅವಳ ಕಿವಿಯಲ್ಲಿ ಸಿದ್ದಪ್ಪನ ಹೆಸರು ಹೇಳಿ, ಕಾಣದ ಕಣ್ಣನ್ನು ಮರ್ಯಾದೆಯಿಂದ ಗೋಡೆಯ ಕಡೆ ತಿರುಗಿಸಿಕೊಂಡ. ಅವಳ ಬೆರಳು ಸಿದ್ದಪ್ಪನ ಗುಂಡಿಯ ತನಕ ಹೋಗಿ ನಿಂತಿತು. ತಂಗಿಯ ಮುಖ ಕಣ್ಣಿಗೆ ಕಟ್ಟಿತು. ಮುಗ್ಧಾಳ ಗುಂಡಿ ಒತ್ತಿಬಿಟ್ಟಳು.

ಯಂತ್ರ ಕೂಗಿದ್ದೇ ಅಜ್ಜ ಕೈಮುಗಿದ. ಹೊರಗೆ ಬೇವಿನ ಗಿಡದ ಕೆಳಗೆ ಬಂದ ಮೇಲೂ ಅವಳ ಕೈ ಬಿಡದೆ ಹೇಳಿಕೊಂಡ. ಹೋದ ಸಲ ಮಗ ತನಗೆ ಬೇಕಾದವರಿಗೆ ಒತ್ತಿ ಮೋಸ ಮಾಡಿದನಂತೆ. ಅದಕ್ಕೇ ಈ ಸಲ ಅಜ್ಜ ಅವಳನ್ನು ಕರೆಸಿದನಂತೆ.

ಪೂರ್ಣಿಮಾ ಸುಳ್ಳು ಹೇಳಿದ್ದರೆ ಮುಗಿದೇ ಹೋಗುತ್ತಿತ್ತು, ಅದಕ್ಕೆ ನಾಲಿಗೆ ಏಳಲಿಲ್ಲ.

"ಅಜ್ಜಾ, ನಾನೂ ಹಂಗ ಮಾಡೀನಿ, ಮುಗ್ಧಾಗ ಒತ್ತೀನಿ. ನಮ್ಮೆಲ್ಲರ ಒಳ್ಳೇದಕ್ಕ ಒತ್ತೀನಿ."

ಬೈಯುತ್ತಾನೆಂದು ಕಾದಳು. ಅವನು ಅವಳ ಕೈ ಬಿಟ್ಟು, ಬಡಿಗೆ ಊರುತ್ತ ಸಾಲೆಯ ಕಡೆ ತಿರುಗಿದ. ತಡೆಯಲು ಹೋದರೆ ಮೊಣಕೈಯಿಂದ ನೂಕಿದ. ದಾರಿ ಬಿಡ್ರಿ, ದಾರಿ ಬಿಡ್ರಿ ಎನ್ನುತ್ತ ಪಾಳಿಯವರನ್ನು ದಾಟಿ ಬಾಗಿಲಿಗೆ ಹೋಗಿ ನಿಂತು, ಓಟು ಹಾಕಬೇಕೆಂದ.

ಅಧಿಕಾರಿ ಅವನ ಬೆರಳು ಹಿಡಿದು ನೋಡಿದ.

"ಅಜ್ಜಾರ, ಶಾಯಿ ಹಚ್ಚೇತಲ್ರೀ. ನಿಮ್ಮ ಓಟು ಆಗೇತಿ."

"ನಂದು ಆಗಿಲ್ರಿ," ಎಂದ ಗುರುಪುತ್ರಪ್ಪ. "ಆಕಿದು ಎರಡು ಆಗ್ಯಾವು."

ಪಾಳಿಗೆ ಪಾಳಿಯೇ ಪೂರ್ಣಿಮಾಳ ಕಡೆ ತಿರುಗಿ ನೋಡಿತು.