ಹೊತ್ತಿಗೆ ಮುಂಚಿನ ನೀಲಕ್ಕ

ನೀಲಕ್ಕ ಎಲ್ಲಿಗೆ ಹೋದರೂ ಹೊತ್ತಿಗೆ ಮುಂಚೆ ಹೋಗುತ್ತಿದ್ದರು. ಕಾಲು ಗಂಟೆ ಮುಂಚೆ ಹೋಗಿ ಕೂರುವವರು ಎಲ್ಲ ಊರಿನಲ್ಲೂ ಇದ್ದಾರೆ, ನೀಲಕ್ಕ ಆ ಪೈಕಿಯಲ್ಲ. ಮದುವೆಗೆ ಕರೆದರೆ ಚಪ್ಪರದವರು ಇನ್ನೂ ಗಳ ಎತ್ತುತ್ತಿರುವಾಗಲೇ ಬಂದು ಕೂರುವವರು, ರೈಲಿಗೆ ಹೊರಟರೆ ಅದರ ಹಿಂದಿನ ರೈಲನ್ನೂ ಕಳಿಸಿಕೊಡುವವರು. ಹೆಬ್ಬಾಳದ ಒಂದು ಮದುವೆಯಲ್ಲಿ ಅಡುಗೆಯವರು ಈಕೆ ತಮ್ಮ ಕಡೆಯ ಹೆಂಗಸೇ ಎಂದು ತಿಳಿದು ಮುಂದೆ ಒಂದು ರಾಶಿ ಅವರೆಕಾಯಿ ಸುರಿದರಂತೆ. ಇವರೂ ಮಾತಿಲ್ಲದೆ ಅಷ್ಟನ್ನೂ ಬಿಡಿಸಿಕೊಟ್ಟು, ಕೈ ತೊಳೆದು, ಹೆಣ್ಣಿನ ಕಡೆಯವರ ಸಾಲಿನಲ್ಲಿ ಹೋಗಿ ಕೂತರು. ಆರ್.ಟಿ. ನಗರದ ನಮ್ಮ ವಠಾರದಲ್ಲಿ ಅದೊಂದು ಗಾದೆಯೇ ಆಗಿಹೋಗಿತ್ತು: "ನೀಲಕ್ಕ ಬಂದ್ರಾ? ಹಾಗಾದ್ರೆ ಇನ್ನೂ ಟೈಮ್ ಆಗಿಲ್ಲ ಬಿಡ್ರೀ, ಇನ್ನೊಂದ್ಸಲ ಕಾಫಿ ಕುಡಿಯೋಣ."

ಹುಬ್ಬಳ್ಳಿ ಕಡೆಯವರು. ಅಲ್ಲಿಯ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ಆಯುಷ್ಯವೆಲ್ಲ ನರ್ಸಾಗಿ ದುಡಿದು, ನಿವೃತ್ತಿಯಾದ ಮೇಲೆ, ಯಶವಂತಪುರದ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದ ತಮ್ಮ ಮುರಿಗೆಪ್ಪನ ಮನೆಗೆ ಬಂದು ನೆಲೆಸಿದ್ದರು. ಬಿಳಿಯ ಸೀರೆ, ಅದರ ಮೇಲೆ ಬೂದು ಬಣ್ಣದ ಒಂದು ಗಂಡಸರ ಕೋಟು. ಏಪ್ರಿಲಿನ ಬಿಸಿಲಿಗೂ ಆ ಕೋಟು ಇಳಿಯುತ್ತಿರಲಿಲ್ಲ, ಅದರ ಜೇಬಿನಲ್ಲಿ ಹುರಿದ ಶೇಂಗಾ ತೀರುತ್ತಿರಲಿಲ್ಲ. ನಡಿಗೆಗೆ ಸದ್ದೇ ಇಲ್ಲ. ಜ್ವರದಲ್ಲಿ ನರಳಿ ನರಳಿ ಈಗ ತಾನೇ ನಿದ್ದೆ ಹೋದ ಮಕ್ಕಳ ಮಂಚಗಳ ನಡುವೆ ಹಾದು ಹಾದು ಬಂದ ನಡಿಗೆ ಅದು; ಹಿಂದೆ ಬಂದು ನಿಂತರೂ ತಿಳಿಯುತ್ತಿರಲಿಲ್ಲ. ಇನ್ನು ಮಾತೋ, ಯಾರು ಏನೇ ಸಂತೋಷದ ಸುದ್ದಿ ತಂದರೂ ಕೊನೆಗೆ ಒಂದೇ ಪ್ರಶ್ನೆ: "ಅದಿರ್ಲಿ, ಮುಂದ?" ಎದುರುಮನೆಯ ಸೊಸೆ ಒಮ್ಮೆ ಕುಣಿಯುತ್ತ ಬಂದು, ಮಗು ಎದ್ದು ನಿಂತು ನಾಲ್ಕು ಹೆಜ್ಜೆ ಹಾಕಿತು ಎಂದಳು. "ಅದಿರ್ಲಿ, ಮುಂದ?" "ಮುಂದೇನ್ರೀ ನೀಲಕ್ಕ, ಓಡುತ್ತೆ!" ಎಂದು ಆ ಹುಡುಗಿ ಮುಖ ತಿರುಗಿಸಿಕೊಂಡು ಹೋದಳು. ಪಾಪ, ನೀಲಕ್ಕನಿಗೆ ಅದರಲ್ಲಿ ಬೇಸರಪಡುವಂಥದ್ದೇನಿದೆ ಎಂಬುದೇ ಅರ್ಥವಾಗಲಿಲ್ಲ.

ಇಂಥವರನ್ನು ಹುಡುಕಿಕೊಂಡು ಬಂದವರು ಅತಾವುಲ್ಲಾ ಸಾಹೇಬರು. ಚರ್ಮದ ವ್ಯಾಪಾರಿ, ದೊಡ್ಡ ಮನುಷ್ಯ. ದೊಡ್ಡ ಮನುಷ್ಯ ಎಂದರೆ ದುಡ್ಡಿನ ಮಾತಲ್ಲ, ಮನಸ್ಸಿನ ಮಾತು. ಅವರ ಕಿರಿಯ ತಮ್ಮನಿಗೆ ಎಳವೆಯಲ್ಲೇ ಪೋಲಿಯೋ ಬಂದು, ಆ ಹುಡುಗ ಮನೆಯ ಒಂದು ಮೂಲೆಯಲ್ಲೇ ಬೆಳೆದು ಅದೇ ಮೂಲೆಯಲ್ಲೇ ತೀರಿಕೊಂಡಿದ್ದ. ಇನ್ನು ಯಾವ ಮಗುವೂ ಮೂಲೆಯಲ್ಲಿ ಕೂರಬಾರದು ಎಂದು ಸಾಹೇಬರು, ಎಂಬತ್ತೊಂದನೆಯ ಇಸವಿಯಲ್ಲಿ, ಆ ಅಂಗವಿಕಲರ ವರ್ಷ ಎಂದು ಎಲ್ಲೆಲ್ಲೂ ಭಾಷಣವಾಗುತ್ತಿದ್ದ ಕಾಲದಲ್ಲಿ, ಒಂದು ಸಂಸ್ಥೆ ಕಟ್ಟಿದರು. ಅಂಥ ಮಕ್ಕಳಿಗೆ ಬೇರೆ ಶಾಲೆ ಬೇಡ, ಬೇರೆ ಹಾಸ್ಟೆಲೂ ಬೇಡ. ಕಾಲಿಗೆ ಕ್ಯಾಲಿಪರ್ ಬೂಟು ಕೊಟ್ಟು, ಅಂದರೆ ಕಬ್ಬಿಣದ ಸರಳು, ಚರ್ಮದ ಪಟ್ಟಿ ಸೇರಿಸಿದ ಬೂಟು ಕೊಟ್ಟು, ಎಲ್ಲ ಮಕ್ಕಳು ಓದುವ ಶಾಲೆಯಲ್ಲೇ ಎಲ್ಲರ ಜೊತೆ ಕೂರಿಸಬೇಕು ಎಂಬುದು ಅವರ ಹಟ. ಐದು ವರ್ಷದ ಯೋಜನೆ. ಹಣ ಕೊಡುತ್ತಿದ್ದ ಪರದೇಶದವರು ಅರ್ಧ ದಾರಿಯಲ್ಲಿ, ಕೆಲಸ ಎಲ್ಲಿಗೆ ಬಂತು ಎಂದು ಹೊರಗಿನವರೊಬ್ಬರು ನೋಡಿ ವರದಿ ಕೊಡಲಿ, ಅದನ್ನು ನೋಡಿ ಉಳಿದ ಹಣ ಕೊಡುತ್ತೇವೆ ಎಂದರು.

"ಅಕ್ಕಾವ್ರೇ, ಮಕ್ಕಳ ಜೊತೆ ಬಾಳಿದವರು ನೀವು. ಹೋಗಿ ನೋಡಿ. ಕಂಡಿದ್ದು ಬರೀರಿ. ನಾನೇನೂ ಹೇಳ್ಕೊಡಲ್ಲ" ಎಂದರು ಸಾಹೇಬರು. ಅದು ಬಾಯಿಮಾತಾಗಿರಲಿಲ್ಲ, ತಮ್ಮ ಕೆಲಸದ ಮೇಲೆ ಅವರಿಗೆ ಅಷ್ಟು ಭರವಸೆಯಿತ್ತು.

ನೋಡಲು ಬರುವವರಿಗೆಲ್ಲ ಹನ್ನೊಂದು ಗಂಟೆ ಎಂದು ಸಂಸ್ಥೆಯವರು ಗೊತ್ತು ಮಾಡಿರುತ್ತಿದ್ದರು. ಜೀಪು ಬರುತ್ತಿತ್ತು, ಹಾರ ಬೀಳುತ್ತಿತ್ತು, ಒಂದು ಪದ್ಯ ಆಗುತ್ತಿತ್ತು. ನೀಲಕ್ಕ ಜೀಪಿಗೆ ಕಾಯಲಿಲ್ಲ. ಯಶವಂತಪುರದಲ್ಲಿ ಬಸ್ಸು ಬದಲಾಯಿಸಿ, ಹೆಸರಘಟ್ಟದ ರಸ್ತೆಯಲ್ಲಿಳಿದು, ಬಾಗಲಗುಂಟೆಯಾಚೆಯ ಒಂದು ಪುಟ್ಟ ಶಾಲೆಯ ಜಗಲಿಯಲ್ಲಿ, ಬಾಗಿಲ ಬೀಗ ತೆಗೆಯುವ ಮುನ್ನವೇ ಹೋಗಿ ಕೂತು ಶೇಂಗಾ ತಿನ್ನುತ್ತಿದ್ದರು.

ಟೀಚರು ಬಂದು ಬೀಗ ತೆಗೆದು, ಇವರನ್ನು ಗಮನಿಸದೆ ಗುಡಿಸಲು ಒಳಗೆ ಹೋದ ಮೇಲೆ, ಅಲ್ಲಿಗೆ ರೆಹಾನಾ ಬಂದಳು, ಮೂರನೆಯ ಕ್ಲಾಸಿನ ಹುಡುಗಿ. ಪುಸ್ತಕದ ಚೀಲ ಹಿಡಿದ ತಾಯಿ ಮೆಹಬೂಬ್ ಬೀ ಹಿಂದೆ, ಮಗಳು ಮುಂದೆ. ಬಯಲಿನ ಉದ್ದಕ್ಕೂ ಟಕ್ ಟಕ್ಕೆಂದು ಬೂಟು ಊರುತ್ತ, ಕುತ್ತಿಗೆ ನೆಟ್ಟಗೆ ಮಾಡಿಕೊಂಡು, ಯಾರ ಕೈಯನ್ನೂ ಹಿಡಿಯದೆ ಬಂದಳು. ನೋಡಿ ನೀಲಕ್ಕನ ಹೊಟ್ಟೆ ತಣ್ಣಗಾಯಿತು. ಹುಡುಗಿ ಜಗಲಿಯ ಮೇಲೆ ಕೂತಳು. ತಾಯಿ ಬಗ್ಗಿ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿದಳು. ಬೂಟು, ಸರಳು ಎಲ್ಲವನ್ನೂ ಚಪ್ಪಲಿಗಳ ಸಾಲಿನ ಕೊನೆಯಲ್ಲಿ ಒಪ್ಪವಾಗಿ ಇಟ್ಟಳು. ರೆಹಾನಾ ಎರಡೂ ಅಂಗೈ ನೆಲಕ್ಕೂರಿ, ಮೈಯನ್ನು ಎಳೆದುಕೊಳ್ಳುತ್ತ ಹೊಸ್ತಿಲು ದಾಟಿ ಒಳಗೆ ಹೋದಳು.

ಟೀಚರು ವೆಂಕಟಲಕ್ಷ್ಮಮ್ಮ ಪೊರಕೆ ಹಿಡಿದುಕೊಂಡೇ ಹೊರಗೆ ಬಂದರು. ಕ್ಲಾಸಿನ ನೆಲವನ್ನು ತಾವೇ ಗುಡಿಸಿ ಒರೆಸುತ್ತಿದ್ದ ಶಿಸ್ತಿನ ಹೆಂಗಸು. "ಏನಮ್ಮಾ ಇಷ್ಟು ಬೇಗ? ಹನ್ನೊಂದಕ್ಕೆ ಅಂದಿದ್ರು?"

"ನಾ ಹಿಂಗ ಬರಾಕಿ. ಅದಿರ್ಲಿ, ಆ ಹುಡುಗಿ ಬೂಟು ಯಾಕ ಬಿಚ್ಚಿಸಿದ್ರಿ?"

"ಒಳ್ಳೆ ಕೇಳ್ತೀರಲ್ಲ! ಚಪ್ಪಲಿ ಮೆಟ್ಕೊಂಡು ಕ್ಲಾಸೊಳಗೆ ಬರೋದುಂಟಾ? ಮಕ್ಕಳು ನೆಲದ ಮೇಲೇ ಕೂರ್ತಾವೆ, ಪುಸ್ತಕ ಅಲ್ಲೇ ಇಡ್ತಾವೆ. ಗೋಡೆ ಮೇಲೆ ಸರಸ್ವತಿ ಇದ್ದಾಳೆ. ನಮ್ಮಲ್ಲಿ ಎಲ್ಲರಿಗೂ ಒಂದೇ ರೂಲ್ಸು. ಭೇದ ಮಾಡಲ್ಲ ನಾನು."

"ಅದು ಚಪ್ಪಲಿ ಅಲ್ಲರೀ ಟೀಚರ್. ಆಕಿ ಕಾಲದು."

ಮೆಹಬೂಬ್ ಬೀಯೇ ಅಡ್ಡ ಬಂದಳು. "ಜಗಳ ಬೇಡಮ್ಮಾ. ನಮ್ಮನೇಲೂ ಒಳಗೆ ಹಾಕ್ಸಲ್ಲ. ನಮಾಜ್ ಮಾಡೋ ಜಾಗ, ಬೀದಿ ತುಳಿದ ಬೂಟಲ್ವಾ?"

ನೀಲಕ್ಕ ಒಳಗೆ ಹೋಗಿ ಗೋಡೆಗೊರಗಿ ಕೂತಿದ್ದ ಹುಡುಗಿಯ ಪಕ್ಕ ಕೂತು ಶೇಂಗಾ ಕೊಟ್ಟರು. ತಿಂದಳು. ನೀರು ಕೊಟ್ಟರೆ ಬೇಡವೆಂದಳು. "ಯಾಕವಾ?" "ನೀರು ಕುಡಿದ್ರೆ ಹೊರಗೆ ಹೋಗ್ಬೇಕಾಗುತ್ತಲ್ಲ ಅಜ್ಜಿ. ಬೂಟು ಕಟ್ಟೋರು ಯಾರು? ಅಮ್ಮಿ ಬರೋದು ಸಂಜೆಗೆ. ನಾನು ಬೆಳಿಗ್ಗೆ ಚಾನೂ ಕುಡಿಯಲ್ಲ." ದೂರು ಹೇಳುವ ದನಿಯಲ್ಲಿ ಅಲ್ಲ, ಜಾಣತನ ತೋರಿಸುವ ದನಿಯಲ್ಲಿ ಹೇಳಿದಳು.

ಹನ್ನೊಂದಕ್ಕೆ ಜೀಪು ಬಂತು. ಸಾಹೇಬರು ಬಾಗಿಲಲ್ಲಿ ತಮ್ಮ ಬೂಟು ಕಳಚಿಟ್ಟು ಒಳಗೆ ಬಂದು, ಎಲ್ಲರ ಜೊತೆ ಎಲ್ಲರಂತೆಯೇ ರೆಹಾನಾ ಕೂತಿದ್ದ ಸಾಲನ್ನು ತೋರಿಸಿ, "ನೋಡಿ ಅಕ್ಕಾವ್ರೇ, ಯಾವ ಮಗು ಅಂತ ಗುರುತು ಸಿಗುತ್ತಾ?" ಎಂದು ಕಣ್ಣು ತುಂಬಿಕೊಂಡರು. ನೀಲಕ್ಕ ಎಲ್ಲ ನೋಡಿದ ಮೇಲೆ ಹೇಳೋಣವೆಂದುಕೊಂಡರು. ಆಮೇಲೆ ಶೆಟ್ಟಿಹಳ್ಳಿಯೂ ಸೇರಿದಂತೆ ಉಳಿದ ಶಾಲೆಗಳಿಗೂ ಗಂಟೆ ಹೊಡೆಯುವ ಮುಂಚೆಯೇ ಹೋಗಿ ಜಗಲಿಗಳಲ್ಲಿ ಕೂತರು. ಎಲ್ಲ ಕಡೆಯೂ ಚಪ್ಪಲಿ ಸಾಲಿನ ಕೊನೆಗೆ ಕಬ್ಬಿಣದ ಕಾಲುಗಳು. ಯಾರದೂ ದುಷ್ಟತನವಲ್ಲ. ಹೊಸ್ತಿಲಲ್ಲಿ ಮೆಟ್ಟು ಬಿಡುವ ಜನ ನಾವು. ಕಾಲನ್ನೇ ಬಿಟ್ಟು ಬಾ ಎನ್ನುತ್ತಿದ್ದೇವೆಂದು ಯಾರಿಗೂ ಹೊಳೆದಿರಲಿಲ್ಲ.

ನೀಲಕ್ಕ ಹೋಗಿ ಇದನ್ನೆಲ್ಲ ಹೇಳಿದಾಗ ಸಾಹೇಬರು ತಲೆ ತಗ್ಗಿಸಿದರು. "ಬೂಟು ಮಾಡಿಸ್ದೆ, ಬಾಗ್ಲು ಯೋಚನೆ ಮಾಡ್ಲಿಲ್ಲ" ಎಂದರು. ಆಮೇಲೆ ಕೈ ಮುಗಿದರು. "ಸರಿ ಮಾಡ್ತೀನಿ, ಖುದಾ ಕಸಮ್. ಆದ್ರೆ ಈಗ ಬರೀಬೇಡಿ. ಅವ್ರು ದುಡ್ಡು ನಿಲ್ಲಿಸಿಬಿಡ್ತಾರೆ. ಮಕ್ಕಳು ಬೆಳೀತಾವೆ ಅಕ್ಕಾವ್ರೇ, ಬೂಟು ಬೆಳೆಯಲ್ಲ. ವರ್ಷ ವರ್ಷ ಹೊಸದು ಬೇಕು. ಒಂದಾರು ತಿಂಗಳು ತಡೀರಿ."

"ಬರೀಲಿಲ್ಲಂದ್ರ ಯಾರಿಗೂ ಅವಸರ ಇರೂದಿಲ್ಲ ಸಾಹೇಬ್ರ. ಆರು ತಿಂಗಳು ಆ ಕೂಸು ನೀರು ಕುಡೀಬೇಕೋ ಬ್ಯಾಡೋ?"

ಮನೆಯಲ್ಲಿ ಮುರಿಗೆಪ್ಪ ಕೂಗಾಡಿದ. "ಎರಡು ಛಲೋ ಮಾತು ಬರದ್ರ ನಿಂದೇನ ಗಂಟು ಹೋಗ್ತೈತಿ? ಊರ ಉಸಾಬರಿ ಎಲ್ಲಾ ನಿನಗ ಬೇಕು!" ನೀಲಕ್ಕ ಕೋಟಿನೊಳಗೆ ಮುದುಡಿ ಕೂತು ಕೇಳಿಸಿಕೊಂಡರು. ತಾವು ಬರೆದರೆ ಏನಾಗಬಹುದೆಂದು ಅವರಿಗೆ ತಿಳಿಯದೆ ಇರಲಿಲ್ಲ. ಆದರೆ ಜ್ವರವನ್ನು ಚಾರ್ಟಿನಲ್ಲಿ ಇಳಿಸಿದರೆ ಮೈಯಲ್ಲಿ ಇಳಿಯುವುದಿಲ್ಲ ಎಂದು ವಾರ್ಡಿನಲ್ಲಿ ಕಲಿತವರು. ಬೇರೆ ರೀತಿಯಲ್ಲಿ ಬರೆಯಲು ಅವರ ಕೈಗೆ ಬರುತ್ತಿರಲಿಲ್ಲ. ಸಾಹೇಬರ ಒಳ್ಳೆಯತನವನ್ನೂ ಬರೆದರು, ಬಾಗಿಲ ಹೊರಗಿನ ಸಾಲನ್ನೂ ಬರೆದರು. ಹಣ ನಿಲ್ಲಿಸಬೇಡಿ, ಬೂಟು ಒರೆಸಲು ಬಾಗಿಲಲ್ಲಿ ಒಂದು ಒದ್ದೆ ಗೋಣಿತಟ್ಟು, ಟೀಚರುಗಳಿಗೆ ಎರಡು ಮಾತು, ಅಷ್ಟೇ ಸಾಕು ಎಂದೂ ಬರೆದರು.

ಬರೆದು ಮನೆಯಲ್ಲಿ ಕೂರಲಿಲ್ಲ. ಬಕೆಟ್ಟು, ಗೋಣಿತಟ್ಟು ಹಿಡಿದು ಮತ್ತೆ ಅದೇ ಶಾಲೆಗೆ ಹೋದರು. ರೆಹಾನಾಳ ಬೂಟಿನ ಅಟ್ಟೆ ತೊಳೆದು, ಸರಳು ಒರೆಸಿ, ಕೊನೆಗೆ ತಮ್ಮ ಬಿಳಿ ಸೆರಗಿನಿಂದ ಉಜ್ಜಿ, ಆ ಸೆರಗನ್ನು ಟೀಚರ ಮುಂದೆ ಹಿಡಿದರು. "ಮಣ್ಣು ಹತ್ತಿದ್ರ ಹೇಳ್ರಿ, ಬಿಚ್ಚಿ ಒಳಗ ಕಳಸ್ತೀನಿ." ಮೊದಲ ದಿನ ವೆಂಕಟಲಕ್ಷ್ಮಮ್ಮ, "ಊರವ್ರು ನನ್ನನ್ನ ಬಾಳಿಸ್ತಾರೇನ್ರೀ?" ಎಂದು ಬಾಗಿಲಿಗೆ ಅಡ್ಡ ನಿಂತರು. ಮರುದಿನವೂ ನಿಂತರು. ಆ ವಾರದ ಕೊನೆಗೊಮ್ಮೆ ಸೆರಗನ್ನು ನೋಡಿದರು, ಹುಡುಗಿಯನ್ನು ನೋಡಿದರು, ಪಕ್ಕಕ್ಕೆ ಸರಿದರು. ರೆಹಾನಾ ಟಕ್ ಟಕ್ಕೆಂದು ಒಳಗೆ ನಡೆದು, ಬೋರ್ಡಿನವರೆಗೂ ಹೋಗಿ ಅದನ್ನು ಕೈಯಿಂದ ಮುಟ್ಟಿ ನೋಡಿ ಬಂದಳು. ಅವತ್ತು ಹೊಟ್ಟೆ ತುಂಬ ನೀರು ಕುಡಿದಳಂತೆ.

ನನ್ನ ಕೇಳಿದರೆ ಕಥೆ ಅಲ್ಲೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ಪರದೇಶದವರು ಯೋಜನೆ ಸೋತಿತೆಂದರು, ಉಳಿದರ್ಧಕ್ಕೆ ಹಣ ಕೊಡಲಿಲ್ಲ. ಸಾಹೇಬರು ಸ್ವಲ್ಪ ಕಾಲ ಕೈಯಿಂದ ಹಾಕಿದರು, ಆಮೇಲೆ ಬೂಟು ಹೊಲಿಯುವ ಶೆಡ್ಡಿಗೆ ಬೀಗ ಬಿತ್ತು. ಅವರು ಒಂದು ಕೆಟ್ಟ ಮಾತೂ ಆಡಲಿಲ್ಲ. ನೀಲಕ್ಕ ಎದುರಾದರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು, ಅಷ್ಟೇ. ಆಡುವವರು ನಲ್ಲಿಯ ಹತ್ತಿರ ಬೇಕಾದಷ್ಟಿದ್ದರು. "ಬಂದ್ರು ನೋಡಿ ಮಹಾತಾಯಿ, ಮಕ್ಕಳ ಕಾಲು ಮುರಿದೋರು." ನೀಲಕ್ಕ ಕೊಡ ತುಂಬಿಸಿಕೊಂಡು, ಸದ್ದಿಲ್ಲದೆ ಮೆಟ್ಟಿಲು ಹತ್ತುತ್ತಿದ್ದರು.

ರೆಹಾನಾಳ ಬೂಟು ಬಿಗಿಯಾಯಿತು, ಬೆರಳು ಹುಣ್ಣಾದವು, ಒಂದು ದಿನ ಕಾಲು ಒಳಗೆ ಹೋಗಲೇ ಇಲ್ಲ. ಶಾಲೆ ನಿಂತಿತು. ನೀಲಕ್ಕ ಅಲ್ಲಿ ಇಲ್ಲಿ ಆಸ್ಪತ್ರೆಗಳಿಗೆ ಅಲೆದರು, ಹಳೆಯ ಪರಿಚಯದವರಿಗೆಲ್ಲ ಹೇಳಿದರು, ಆಗಲಿಲ್ಲ. ಕೊನೆಗೊಂದು ದಿನ ಅವಳ ಮನೆಗೇ ಹೋದರು. ಮೆಹಬೂಬ್ ಬೀ ಚಾಪೆ ಹಾಸಿ, ಚಾ ಇಡಲು ಒಳಗೆ ಹೋದಳು. ಹುಡುಗಿ ಮೂಲೆಯಲ್ಲಿ ಕೂತು ಊದುಬತ್ತಿ ಹೊಸೆಯುತ್ತಿದ್ದಳು, ಕೈಯೆಲ್ಲ ಕಪ್ಪು.

"ಅಜ್ಜಿ, ನೀವ್ ಬರೀದೇ ಇದ್ದಿದ್ರೆ ನಂಗೆ ಹೊಸ ಬೂಟು ಬರ್ತಿತ್ತಾ?"

"ಬರ್ತಿತ್ತವಾ."

"ಆದ್ರೆ ಬಾಗ್ಲಲ್ಲೇ ಬಿಚ್ಬೇಕಿತ್ತು, ಅಲ್ವಾ?"

"ಹೌದವಾ."

  ರೆಹಾನಾ ಇನ್ನೊಂದು ಕಡ್ಡಿ ತೆಗೆದುಕೊಂಡಳು.

ಇದ್ದದ್ದನ್ನು ಇದ್ದ ಹಾಗೆ ನೋಡಬಲ್ಲವರು ಊರಿಗೊಬ್ಬರೋ ಇಬ್ಬರೋ ಇರುತ್ತಾರೆ. ಬೇಕಾದಾಗ ನಾವೇ ಹೋಗಿ ಅವರನ್ನು ಕರೆಯುತ್ತೇವೆ, ಅವರು ನೋಡಿ ಹೇಳಿದ ಮೇಲೆ ಕ್ಷಮಿಸುವುದಿಲ್ಲ. ಅವರೇನೂ ಗೆದ್ದವರಂತೆ ಬೀಗುವುದಿಲ್ಲ. ತಮ್ಮ ಮಾತು ಸರಿಯಿತ್ತೆಂಬುದು ಅವರಿಗೆ ಒಂದು ಹೊತ್ತಿನ ನಿದ್ದೆಯನ್ನೂ ಕೊಡುವುದಿಲ್ಲ. ಸುಳ್ಳು ಹೇಳಿದವರಿಗೆ ಪಶ್ಚಾತ್ತಾಪವೆಂಬ ಒಂದು ದಾರಿಯಾದರೂ ಇರುತ್ತದೆ. ನಿಜ ಹೇಳಿ ಒಂದು ಮಗುವಿಗೆ ಮುಳುವಾದವರಿಗೆ ಅದೂ ಇಲ್ಲ.