ಯಾವ ಅಣ್ಣ?

ಅಣ್ಣ ಜೈಲಿನಿಂದ ಬಂದು ಇನ್ನೂ ನಾಲ್ಕು ದಿನ ತುಂಬಿರಲಿಲ್ಲ, ತಂಗಿಗೆ ಸಾಕೋ ಸಾಕಾಗಿತ್ತು. ನೀರು ಬಿಸಿಯಾಗಿಲ್ಲವೆಂದು ಬಚ್ಚಲಿನ ಬಾಗಿಲು ಮುರಿದ. ಪಕ್ಕದ ಮನೆಯವರು ತನ್ನನ್ನು ನೋಡಿ ನಕ್ಕರೆಂದು ಜಗಳಕ್ಕೆ ಹೋದ. ಪಾಪ, ಅವರು ನೋಡುತ್ತಿದ್ದದ್ದು ಟೀವಿ. ಹೊಸ ಮೊಬೈಲು ಹೇಳಿದ ಮಾತು ಕೇಳುವುದಿಲ್ಲವೆಂದು ಗೋಡೆಗೆ ಎಸೆದ. ಆಮೇಲೆ ಅದು ಯಾರ ಮಾತನ್ನೂ ಕೇಳಲಿಲ್ಲ. ಅವನ ಕಡೆಯವರು ಬೆನ್ನ ಹಿಂದೆ ಅವನನ್ನು ಕುಕ್ಕರ್ ಎಂದು ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ.

ಆದರೂ ಅವಳು ಹಲ್ಲು ಕಚ್ಚಿಕೊಂಡು ತಡೆದುಕೊಂಡಳು. ಎಂಟು ವರ್ಷ ಅವಳು ಈ ಬಿಡುಗಡೆಗೆ ದಿನ ಎಣಿಸಿದ್ದು ನಿಜ ಹೇಳಬೇಕೆಂದರೆ ಅಣ್ಣನಿಗಾಗಿ ಅಲ್ಲ, ಗಂಡನಿಗಾಗಿ. ಗಂಡ ಗಡಿಯಾರ ರಿಪೇರಿಯವನು, ಯಾರಾದರೂ ಜೋರಾಗಿ ಸೀನಿದರೂ ಬೆಚ್ಚುವ ಪ್ರಾಣಿ. ಸಗಟು ಮಾರುಕಟ್ಟೆಗೆ ಬರುವ ಯಾವ ಲಾರಿಯೂ ಅಣ್ಣನ ಅಪ್ಪಣೆಯಿಲ್ಲದೆ ಸರಕು ಇಳಿಸುವಂತಿರಲಿಲ್ಲ. ಇಳಿಸಿದವನ ಕೈಕಾಲು ಮುರಿಯುತ್ತಿತ್ತು. ಒಳಗೆ ಹೋಗುವ ಮುನ್ನ ಅಣ್ಣ ಆ ದಂಧೆಯನ್ನೆಲ್ಲ ಈ ಸಾಧುವಿನ ಕೊರಳಿಗೆ ಕಟ್ಟಿ ಹೋಗಿದ್ದ.

"ನಿನ್ನಣ್ಣ ಬಂದ ದಿನಾನೇ ಎಲ್ಲಾ ಅವರ ಕೈಗೆ ಒಪ್ಪಿಸಿ ಕೈ ತೊಳ್ಕೋತೀನಿ ಕಣೆ," ಎಂದು ಗಂಡ ಪ್ರತಿವರ್ಷವೂ ಹೇಳುತ್ತಿದ್ದ. ಈಗ ಕೇಳಿದರೆ ನಾಳೆ, ನಾಡಿದ್ದು ಎನ್ನುತ್ತಿದ್ದ.

ನಾಲ್ಕನೆಯ ಬೆಳಿಗ್ಗೆ ತಾಳ್ಮೆ ಕೆಟ್ಟು ಅವಳೇ ಅಣ್ಣನನ್ನು ದಂಧೆಯ ಜಾಗಕ್ಕೆ ಕರೆದುಕೊಂಡು ಹೊರಟಳು. ಹೊರಗಿನವರ ಕಣ್ಣಿಗೆ ಅದು ಹಳೇ ಟೈರು ಮಾರುವ ಅಂಗಡಿ. ಒಳಗೆ ಮೇಜಿನ ಮುಂದೆ ಕೂತ ಗಂಡ ಫೋನಿನಲ್ಲಿ ಮಾತಾಡುತ್ತಿದ್ದ, ತಲೆ ಎತ್ತಲಿಲ್ಲ. ಬಾಗಿಲಲ್ಲಿ ನಿಂತಿದ್ದ ಒಬ್ಬ ಡ್ರೈವರ್ ಕೈ ಮುಗಿದ.

"ಅಣ್ಣ, ಎರಡು ದಿನದಿಂದ ನನ್ನ ಲಾರಿ ನಿಲ್ಲಿಸಿಬಿಟ್ಟಿದಾರೆ."

ಅಣ್ಣ ಎದೆ ಉಬ್ಬಿಸಿದ. "ಯಾವನೋ ನಿಲ್ಲಿಸಿದ್ದು? ಹೇಳು."

ಡ್ರೈವರ್ ಅವನ ಹೆಗಲಿನಾಚೆ ಇಣುಕಿದ. "ನಿಮಗಲ್ಲ ಯಜಮಾನ್ರೇ, ಸ್ವಲ್ಪ ಪಕ್ಕಕ್ಕೆ ಬನ್ನಿ. ಅಣ್ಣಂಗೆ ಹೇಳ್ತಿದೀನಿ."

ಯಜಮಾನ್ರೇ! ಅಣ್ಣನ ಮೂಗಿನಿಂದ ಸುಯ್ಯೆಂದು ಉಸಿರು ಹೊರಟಿತು. ಗೋಡೆಗೆ ಒರಗಿಸಿದ್ದ ಕಬ್ಬಿಣದ ಸರಳು ಅವನ ಕೈಗೆ ಬಂತು. ಒಂದು ತೊಟ್ಟು ರಕ್ತ ಬಿದ್ದರೂ ಇವನು ಮತ್ತೆ ಜೈಲಿಗೆ, ಗಂಡ ಮತ್ತೆ ಈ ಕುರ್ಚಿಗೆ.

"ರೀ! ಅವನನ್ನ ಹಿಡ್ಕೊಳ್ರೀ!"

ಗಂಡ ಫೋನು ಬಿಡಲಿಲ್ಲ.

"ರೀ, ನಿಮಗೇ ಹೇಳ್ತಿರೋದು! ಕಿವಿ ಕೇಳಲ್ವಾ?"

ಸರಳು ಮೇಲೆದ್ದಿತು. ಅವಳು ಗಂಟಲು ಹರಿಯುವಂತೆ ಕೂಗಿದಳು. "ಅಣ್ಣಾ!"

ಎತ್ತಿದ ಕೈ ಅಲ್ಲೇ ನಿಂತಿತು. ಮೇಜಿನ ಹಿಂದೆ ಗಂಡನೂ ಕಿವಿಯಿಂದ ಫೋನು ತೆಗೆದ.

"ಹೇಳಮ್ಮಾ," ಎಂದ ಗಂಡ, ನೊಂದು ಬಂದವರನ್ನು ವಿಚಾರಿಸುವ ತಣ್ಣನೆಯ ದನಿಯಲ್ಲಿ. "ಏನು ನಿನ್ನ ಕಷ್ಟ?"

ಕೂಗಿದವಳು ಯಾರೆಂದು ಅವನಿಗೆ ಆಮೇಲೆ ಹೊಳೆಯಿತು. ಮುಖ ಒಂದು ಗಳಿಗೆ ಕೆಂಪಾಯಿತು, ಅಷ್ಟೇ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ತನ್ನ ಸಾಧು ಪ್ರಾಣಿಗಾಗಿ ಎಂಟು ವರ್ಷ ಅತ್ತ ತನ್ನ ಬುದ್ಧಿಗೇ ಹೊಡೆದುಕೊಳ್ಳಬೇಕೆನಿಸಿತು.

ಅಣ್ಣ ಸರಳನ್ನು ಸದ್ದಾಗದಂತೆ ನೆಲಕ್ಕಿಟ್ಟ. ಹುಟ್ಟಿದಾಗಿನಿಂದ ಅವನು ಯಾವ ವಸ್ತುವನ್ನೂ ಹಾಗೆ ಇಟ್ಟವನಲ್ಲ. ಮೇಜಿನ ಎದುರು ಹೋಗಿ ನಿಂತ.

"ಯಾವಾಗ ಏಳ್ತೀಯಾ?"

"ಕೂತ್ಕೊಳ್ಳಿ ಭಾವ," ಎಂದ ಗಂಡ. "ಮೊದಲು ಇವನ ಲಾರಿ ವಿಷಯ ಮುಗಿಸ್ತೀನಿ."

ಡ್ರೈವರ್ ಇಬ್ಬರ ಮುಖವನ್ನೂ ನೋಡಿ, ಗಂಡನ ಹತ್ತಿರ ಹೋಗಿ ನಿಂತ.

"ರೀ," ಎಂದಳು ಅವಳು, ಈ ಸಲ ಮೆಲ್ಲಗೆ. "ಮನೆಗೆ ಬನ್ನಿ."

ಅವನು ತಿರುಗಲಿಲ್ಲ.