ಬಾಗಿಲ ಬಳಿಯ ಜೂಮ್ ಲೆನ್ಸ್

ಬೊರಿವಲಿಯ ನಮ್ಮ ಭಜನಾ ಮಂಡಳಿಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮ. ದೀಪದ ಸುತ್ತ ಕೂತವರು ಸರದಿ ಬಂದಾಗ ಹಾಡಲೇಬೇಕು. ಒಬ್ಬರು ಹೇಳಿದ ಸಾಲನ್ನು ಉಳಿದವರು ಎತ್ತಿ ಹಾಡುತ್ತಾರೆ. ಹಾಡಲು ಅಂಜುವವರಿಗೆ ಬಾಗಿಲ ಬಳಿ, ಚಪ್ಪಲಿಗಳ ಪಕ್ಕ ಜಾಗ.

ವಾರಿಜಕ್ಕನ ಮೊಮ್ಮಗಳು ಶ್ರಾವ್ಯಾ ಆ ಶನಿವಾರ ಅಲ್ಲೇ ಕೂತಳು. ಕೈಯಲ್ಲಿ ಕ್ಯಾಮೆರಾ, ಅದಕ್ಕೆ ಫೋರ್ಟಿನ ಹಳೇ ಸಾಮಾನಿನ ಅಂಗಡಿಯಲ್ಲಿ ಅಗ್ಗಕ್ಕೆ ಕೊಂಡ, ಅವಳಿಗಿಂತ ಹಿರಿಯ ಜೂಮ್ ಲೆನ್ಸ್. ಪವಾಯಿಯ ಫೋಟೊ ಪ್ರದರ್ಶನಕ್ಕೆ ಅಜ್ಜಿಯ ಚಿತ್ರ ಕಳಿಸಲು ಮರುದಿನವೇ ಕೊನೆಯ ದಿನ. ಮನೆಯಲ್ಲಿ ಕ್ಯಾಮೆರಾ ಎತ್ತಿದರೆ ಅಜ್ಜಿ ಆಧಾರ್ ಕಾರ್ಡಿಗೆ ಕೂತವರಂತೆ ಬಿಗಿಯಾಗುತ್ತಾರೆ. ತಾಳ ಹಿಡಿದಾಗ ಮಾತ್ರ ಮುಖ ಸಡಿಲಾಗುವುದು.

“ಇದೆಂತ, ಫ್ಲಾಸ್ಕಾ?” ಅತ್ತೆಯ ಮಗ ಸಂದೀಪ ಲೆನ್ಸ್ ತಟ್ಟಿದ. “ಚಹಾ ಉಂಟಾ ಒಳಗೆ?”

“ಹಾತ್ ಮತ್ ಲಗಾ, ಮುಟ್ಬೇಡ! ದೂರದಿಂದಲೇ ತೆಗೀಬಹುದು ಇದ್ರಲ್ಲಿ. ನಂಗೆ ಹಾಡೋ ಟೆನ್ಶನ್ ಇಲ್ಲ.”

ಟ್ಯೂಬ್‌ಲೈಟ್ ಆರಿಸಿದರು, ದೀಪವಷ್ಟೇ ಉಳಿಯಿತು. ಭಜನೆ ಸುರುವಾಯಿತು. ಶ್ರಾವ್ಯಾ ಲೆನ್ಸನ್ನು ಪೂರ್ತಿ ಎಳೆದಳು. ಅಜ್ಜಿ ಹತ್ತಿರ ಬಂದರು, ಆದರೆ ಚಿತ್ರ ಮಂಕು, ಕೈಯ ನಡುಕಕ್ಕೆ ಮುಖವೆಲ್ಲ ಕಲಸಿಹೋಗಿತ್ತು. ಎಳೆದಷ್ಟೂ ಬೆಳಕು ಕಡಿಮೆ ಮಾಡುವ ಲೆನ್ಸ್ ಅದು. ಹಿಂದಕ್ಕೆ ತಳ್ಳಿದರೆ ಬೆಳಕು ಬಂತು, ಅಜ್ಜಿ ಸಣ್ಣಗಾದರು, ನಡುವೆ ಯಾರದೋ ಬೆನ್ನು.

ಹತ್ತಿರ ಹೋಗದೆ ಗತಿಯಿರಲಿಲ್ಲ. ಒಂದು ಪದ ಮುಗಿದದ್ದೇ ಮೆಲ್ಲನೆ ಸರಿದು, ದೀಪದ ಸುತ್ತಲಲ್ಲೇ ಅಜ್ಜಿಗೆದುರಾಗಿ ಇದ್ದ ಖಾಲಿ ಜಾಗದಲ್ಲಿ ಕೂತಳು.

“ಬಂದ್ಯಾ? ಇನ್ನು ನಿನ್ನದೇ ಪದ,” ಎಂದರು ಅಜ್ಜಿ.

“ಅಜ್ಜೀ, ಪ್ಲೀಸ್. ಫೋಟೊ ಮಾತ್ರ.”

“ಫೋಟೊ ಎಷ್ಟು ಬೇಕಾದ್ರೂ ತೆಗಿ. ಕೂತದ್ದು ಎಲ್ಲಿ ಮಾರಾಯ್ತಿ?”

ಸಂದೀಪ ನಗು ನುಂಗಿ ಹಾರ್ಮೋನಿಯಂನಲ್ಲಿ ಶ್ರುತಿ ಕೊಟ್ಟೇಬಿಟ್ಟ. ಶ್ರಾವ್ಯಾಳಿಗೆ ಬರುತ್ತಿದ್ದುದು ಬೆಣ್ಣೆ ಕದ್ದ ಕೃಷ್ಣನ ಪದ ಒಂದೇ. ಮೊದಲ ಸಾಲು ನಡುಗುತ್ತಲೇ ಹೊರಟಿತು. ಮಂಡಳಿ ಅದನ್ನು ಎತ್ತಿಕೊಂಡಿತು. ಅಷ್ಟು ಹೊತ್ತು ಅವಳಿಗೆ ಬಿಡುವು! ಕ್ಯಾಮೆರಾ ಎತ್ತಿ, ಕೈಯಾರೆ ಫೋಕಸ್ ಮಾಡಿ, ಕ್ಲಿಕ್. ಇನ್ನೊಂದು ಸಾಲು, ಇನ್ನೊಂದು ಕ್ಲಿಕ್. ಆದರೆ ಅಜ್ಜಿ ಮೊಮ್ಮಗಳ ತಾಳ ತಪ್ಪೀತೆಂದು ಹುಬ್ಬು ಗಂಟಿಕ್ಕಿ ಕೂತಿದ್ದರು.

ಮುಂದಿನ ಸಾಲಿನಲ್ಲಿ ‘ನವನೀತ’ ನೆನಪಾಗಲಿಲ್ಲ. ಗಾಬರಿಯಲ್ಲಿ, ಹೋಟೆಲಿನವರು ಬನ್ನಿಗೆ ಹಚ್ಚುವ ‘ಮಸ್ಕಾ’ ಎಂದುಬಿಟ್ಟಳು.

ಹೇಳಿದ್ದನ್ನು ಹೇಳಿದಂತೆಯೇ ಎತ್ತುವ ಮಂಡಳಿ, ಕಣ್ಣು ಮುಚ್ಚಿ, ಪರಮ ಭಕ್ತಿಯಿಂದ, ಮಸ್ಕಾ ಕದ್ದ ಕೃಷ್ಣನನ್ನು ಹಾಡಿತು. ಅಜ್ಜಿಯ ತಾಳ ಗಾಳಿಯಲ್ಲೇ ನಿಂತಿತು. ಹುಬ್ಬಿನ ಗಂಟು ಬಿಚ್ಚಿ ಮುಖವೆಲ್ಲ ನಗುವಾಯಿತು.

ಕ್ಲಿಕ್.

ಮಂಗಳ ಮುಗಿದ ಮೇಲೆ ಅಜ್ಜಿ ಕ್ಯಾಮೆರಾದೊಳಗೆ ಇಣುಕಿದರು. ಹಳೆಯ ಗಾಜು ದೀಪದ ಬೆಳಕನ್ನು ಅವರ ಕೆನ್ನೆಯ ಸುತ್ತ ತುಸು ಹರಡಿತ್ತು.

“ಅಯ್ಯೋ, ದೇವರೆದುರು ಇಷ್ಟು ಹಲ್ಲು ಕಿಸಿದೆನಾ?”

“ಕಳಿಸ್ಲಾ ಅಜ್ಜಿ?”

“ಕಳಿಸು. ದೇವರೇ ನೋಡಿ ಆಯ್ತಲ್ಲ. ಇನ್ನು ಪವಾಯಿಯವರಿಗೆಂತ ನಾಚಿಕೆ?”